ಪರ್ಸಿ ಕಲ್ಲಿನ ಮೇಲೆ ತಂಬೂರಿ

ಟರ್ನ್‌ಟೇಬಲ್‌ಗೆ ತಂಬೂರಿಗಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ಹತ್ತು ವಾದ್ಯ ಕೂಡಿದ ಸಿನಿಮಾ ಹಾಡಿನಲ್ಲಿ ತಟ್ಟೆಯ ವೇಗ ತುಸು ಏರಿಳಿದರೆ ಕಿವಿ ಅದನ್ನು ಹಿಡಿಯುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತದೆ. ಖಯಾಲಿನ ಎಲ್‌ಪಿ ಹಾಗಲ್ಲ. ಇಪ್ಪತ್ತು ನಿಮಿಷ ಗಾಯಕರ ಹಿಂದೆ ಒಂದೇ ಷಡ್ಜ, ಒಂದೇ ಪಂಚಮ ನಿಂತಿರುತ್ತದೆ. ಯಂತ್ರ ತೊನೆದರೆ ತಂಬೂರಿಯೂ ತೊನೆಯುತ್ತದೆ. ತಂಬೂರಿ ತೊನೆದರೆ ಭೀಮಸೇನ ಜೋಶಿಯವರೇ ಶ್ರುತಿ ಬಿಟ್ಟಂತೆ ಕೇಳುತ್ತದೆ. ಅಂಥ ಗಾಯಕರಿಗೆ ನಮ್ಮ ಮನೆಯ ಯಂತ್ರದಿಂದ ಆ ಅಪಚಾರ ಆಗಬಾರದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಓದುಗರಿಗಾಗಿ ಈ ಬರಹ. ಟರ್ನ್‌ಟೇಬಲ್ ಕೊಳ್ಳುವ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಸಲಹೆಗಳೆಲ್ಲ ಮರದ ನೆಲ, ತಂಪು ಹವೆ, ಶುದ್ಧ ನೀರು, ರಾಕ್ ಸಂಗೀತ ಇರುವ ಮನೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ನಮ್ಮ ಮನೆಯ ನೆಲ ಕಲ್ಲಿನದು, ಹಲವರ ಮನೆಯಲ್ಲಿ ಗೋಡೆಯೂ ಕಲ್ಲಿನದೇ. ಗಾಳಿಯಲ್ಲಿ ಸುಣ್ಣದ ಕಲ್ಲಿನ ಗಣಿಯ ದೂಳು, ಸಿಮೆಂಟಿನ ದೂಳು. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಕೊಳವೆಬಾವಿಯ ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು. ಕೇಳುವ ಸಂಗೀತವೂ ಬೇರೆ. ಹೀಗಿರುವಾಗ ಆಯ್ಕೆಯೂ ಬೇರೆಯೇ ಆಗಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಅಂದಕ್ಕೆ ದುಡ್ಡು ಸುರಿಯಬೇಡಿ. ವೇಗ ಸ್ಥಿರವಾಗಿರುವ ಸಾಧಾರಣ ಟರ್ನ್‌ಟೇಬಲ್ ತಂದು, ಉಳಿದ ದುಡ್ಡನ್ನು ಮುಳ್ಳಿಗೆ ಹಾಕಿ. ಕೆಳಗೆ ಇಡಲು ಬೇಕಾದ ಪೀಠ ನಿಮ್ಮ ಊರಿನ ಗಣಿಯಲ್ಲೇ ಸಿಗುತ್ತದೆ.

ಇತ್ತೀಚೆಗೆ ಶಹಾಬಾದಿನ ತರುಣನೊಬ್ಬ ಕೇಳಿದ: "ಸರ್ರೀ, ಐವತ್ತ್ ಸಾವಿರ ಕೂಡಿಟ್ಟೀನಿ. ಒಂದ್ ಛಲೋ ಪ್ಲೇಯರ್ ಯಾವ್ದದ ಹೇಳ್ರಿ." ನಾನು, "ತಮ್ಮಾ, ಮೊದ್ಲ ಮನ್ಯಾಗ ಯಾವ್ಯಾವ ಪ್ಲೇಟ್ ಅವ ನೋಡು" ಎಂದೆ. ಪ್ರಶ್ನೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಅಜ್ಜನ ಟ್ರಂಕಿನಲ್ಲಿ 78 ವೇಗದ ಅರಗಿನ ಪ್ಲೇಟುಗಳಿದ್ದರೆ ಒಂದು ದಾರಿ, ಅಪ್ಪ ಕೊಂಡ 45 ವೇಗದ ಸಿನಿಮಾ ಇಪಿಗಳಿದ್ದರೆ ಇನ್ನೊಂದು, ಬರೀ ಎಲ್‌ಪಿಗಳಿದ್ದರೆ ಮತ್ತೊಂದು. ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿಯನ್ನೂ ಆರ್‌ಸಿಎ ಕಂಪನಿ 1949ರಲ್ಲಿ 45ರ ಪ್ಲೇಟನ್ನೂ ಹೊರತಂದ ಮೇಲೆ ಅಲ್ಲಿ 78 ಬೇಗನೆ ಮರೆಯಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಬೀಟಲ್ಸ್ ತಂಡದ ಹಾಡುಗಳನ್ನೂ 1960ರ ದಶಕದಲ್ಲಿ ಭಾರತದ ಕಾರ್ಖಾನೆ 78ರ ಪ್ಲೇಟಿನಲ್ಲಿ ಅಚ್ಚು ಹಾಕಿತು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು ಕರೆಂಟಿಲ್ಲದ ಹಳ್ಳಿಗಳಲ್ಲಿ ಇನ್ನೂ ಹಾಡುತ್ತಿದ್ದ ಕಾಲ ಅದು. ಹಾಗಾಗಿ ನಮ್ಮ ಕಡೆಯ ಟ್ರಂಕುಗಳಲ್ಲಿ ಮೂರೂ ಬಗೆಯ ಪ್ಲೇಟುಗಳು ಬೆರೆತೇ ಇರುತ್ತವೆ.

ಆ ಪ್ಲೇಟುಗಳು ಸಣ್ಣ ವಸ್ತುಗಳಲ್ಲ. ಗದಗಿನ ಹುಡುಗ ಭೀಮಸೇನನನ್ನು 1933ರಲ್ಲಿ ಮನೆ ಬಿಡಿಸಿ ಗುರುವನ್ನು ಹುಡುಕಲು ಓಡಿಸಿದ್ದು ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮರಿಯ ಪ್ಲೇಟು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರಿನಲ್ಲಿ ಬಂದವು. ಮೂರೂಕಾಲು ನಿಮಿಷದ ಒಂದು ಮಗ್ಗುಲಿನಲ್ಲಿ ಒಂದು ರಾಗದ ಜೀವ ತೋರಿಸಬೇಕಾಗಿದ್ದ ಕಲಾವಿದರು ಅವರು. ಅದನ್ನು ಇಂದು ಸರಿಯಾಗಿ ಕೇಳಿಸಿಕೊಳ್ಳುವುದು ನಮ್ಮ ಹೊಣೆ.

ಈಗ ವೇಗದ ವಿಚಾರ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಎಂದರೆ ಸುತ್ತಿಗೆ 1.8 ಸೆಕೆಂಡು. ಆ ಸುತ್ತಿನೊಳಗೆ ವೇಗ ಎಷ್ಟು ತೊನೆಯುತ್ತದೆ ಎಂಬುದನ್ನು ತಯಾರಕರು ವಾವ್ ಆ್ಯಂಡ್ ಫ್ಲಟರ್ ಎಂಬ ಹೆಸರಿನಲ್ಲಿ ಶೇಕಡಾ ಲೆಕ್ಕದಲ್ಲಿ ಕೊಡುತ್ತಾರೆ. ಮಧ್ಯಮ ಬೆಲೆಯ ಯಂತ್ರಗಳಲ್ಲಿ ಅದು 0.2ರ ಒಳಗೆ ಇರುತ್ತದೆ. ಒಂದು ಸಪ್ತಕವನ್ನು 1200 ಸೆಂಟ್‌ಗಳಾಗಿ ಭಾಗಿಸುವ ಪದ್ಧತಿಯಲ್ಲಿ ಈ 0.2 ಎಂದರೆ ಸುಮಾರು ಮೂರೂವರೆ ಸೆಂಟ್. ನಮ್ಮ ಇಪ್ಪತ್ತೆರಡು ಶ್ರುತಿಗಳಲ್ಲಿ ಅತಿ ಸಣ್ಣ ಅಂತರ, ಪ್ರಮಾಣ ಶ್ರುತಿ, ಸುಮಾರು 22 ಸೆಂಟ್. ಅಂದರೆ ಈ ದರ್ಜೆಯ ಯಂತ್ರ ಮಾಡುವ ತೊನೆತ ಶ್ರುತಿಯನ್ನು ಕೆಡಿಸುವಷ್ಟು ದೊಡ್ಡದಲ್ಲ. ಇನ್ನೂ ಕಡಿಮೆ ಬೆಲೆಯ, ಸೂಟ್‌ಕೇಸಿನಂತೆ ಮಡಚುವ ಪ್ಲೇಯರುಗಳಲ್ಲಿ ಈ ಭರವಸೆ ಇಲ್ಲ. ಅವುಗಳ ಮುಳ್ಳು ಸೆರಾಮಿಕ್ ಕಾರ್ಟ್ರಿಜ್ಜಿನದು, ಪ್ಲೇಟಿನ ಮೇಲೆ 5 ಗ್ರಾಂ ಆಸುಪಾಸಿನ ಭಾರ ಹೇರುತ್ತದೆ, ಅದನ್ನು ಇಳಿಸಲು ತಿರುಪೂ ಇರುವುದಿಲ್ಲ. ಅಪ್ಪ, ಅಜ್ಜಂದಿರು ಜೋಪಾನ ಮಾಡಿದ ಪ್ಲೇಟನ್ನು ಅದರ ಕೆಳಗೆ ಇಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಒಂದು ಮಾತು ಇಲ್ಲೇ ತಿಳಿದಿರಲಿ. ತಂಬೂರಿ ತೊನೆದರೆ ಪ್ರತಿಸಲವೂ ಯಂತ್ರವೇ ತಪ್ಪಿತಸ್ಥ ಅಲ್ಲ. ಪ್ಲೇಟಿನ ನಡುವಿನ ತೂತು ಅರ್ಧ ಮಿಲಿಮೀಟರ್ ಆಚೀಚೆ ಬಿದ್ದಿದ್ದರೆ ಒಳಗಿನ ಗೆರೆಗಳಲ್ಲಿ ಸ್ವರ ಮೇಲಕ್ಕೂ ಕೆಳಕ್ಕೂ ತಲಾ ಶೇ 0.8ರಷ್ಟು, ಎಂದರೆ ಸುಮಾರು 14 ಸೆಂಟ್, ಪ್ರತಿ 1.8 ಸೆಕೆಂಡಿಗೊಮ್ಮೆ ತೂಗುತ್ತದೆ. ಲಕ್ಷ ರೂಪಾಯಿಯ ಯಂತ್ರವೂ ಇದನ್ನು ಸರಿಪಡಿಸಲಾರದು. ತೋಳಿನ ತುದಿಯನ್ನು ಮೇಲಿನಿಂದ ನೋಡಿ. ಅದು ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ ದೋಷ ಪ್ಲೇಟಿನದು. ತೋಳು ನಿಂತೇ ಇದ್ದು ಸ್ವರ ಮಾತ್ರ ತೂಗಿದರೆ ದೋಷ ಯಂತ್ರದ್ದು. ಹಳೆಯ ಯಂತ್ರ ಕೊಳ್ಳುವಾಗ ಈ ಒಂದು ಪರೀಕ್ಷೆ ಸಾಕಷ್ಟು ದುಡ್ಡು ಉಳಿಸುತ್ತದೆ.

ಮಧ್ಯಮ ಬೆಲೆ ಎಂದು ನಾನು ಹೇಳುವುದು ಸುಮಾರು 30 ಸಾವಿರದಿಂದ 70 ಸಾವಿರ ರೂಪಾಯಿಯ ನಡುವಿನದನ್ನು. ಅದರಲ್ಲಿ ಮೂರು ಹೆಸರು ಮುಖ್ಯ. ಜಪಾನಿನ ಆಡಿಯೋ-ಟೆಕ್ನಿಕಾ ಕಂಪನಿಯ ಎಲ್‌ಪಿ120ಎಕ್ಸ್, ಇಂಗ್ಲೆಂಡಿನ ರೇಗಾ ಕಂಪನಿಯ ಪ್ಲ್ಯಾನರ್ 1, ಆಸ್ಟ್ರಿಯಾದ ಪ್ರೊ-ಜೆಕ್ಟ್ ಕಂಪನಿಯ ಡೆಬ್ಯೂ ಕಾರ್ಬನ್ ಇವೋ. ಮೊದಲನೆಯದು ಮೋಟಾರಿನ ಅಚ್ಚಿನ ಮೇಲೆಯೇ ತಟ್ಟೆ ಕೂರುವ ಡೈರೆಕ್ಟ್ ಡ್ರೈವ್. ಉಳಿದೆರಡು ರಬ್ಬರ್ ಬೆಲ್ಟಿನಿಂದ ತಿರುಗುವಂಥವು. ಬೆಲ್ಟು ಮೋಟಾರಿನ ನಡುಕವನ್ನು ಸ್ವಲ್ಪ ನುಂಗುತ್ತದೆ, ನಿಜ. ಒಳ್ಳೆಯ ಡೈರೆಕ್ಟ್ ಡ್ರೈವ್ ವೇಗವನ್ನು ಬಿಗಿಯಾಗಿ ಹಿಡಿಯುತ್ತದೆ, ಅದೂ ನಿಜ. ಈ ಎರಡು ಪಂಗಡಗಳ ಜಗಳಕ್ಕೆ ಐವತ್ತು ವರ್ಷ ದಾಟಿದೆ, ಅದರಲ್ಲಿ ಬೀಳುವ ಅಗತ್ಯ ನಮಗಿಲ್ಲ.

ನಮಗೆ ಬೇಕಾದ ವ್ಯತ್ಯಾಸ ಬೇರೆಯದು. ಎಲ್‌ಪಿ120ಎಕ್ಸ್ 33, 45, 78 ಮೂರನ್ನೂ ಗುಂಡಿ ಒತ್ತಿದರೆ ತಿರುಗಿಸುತ್ತದೆ. ವೇಗವನ್ನು ಏರಿಸಿ ಇಳಿಸುವ ಜಾರುಗುಂಡಿ ಇದೆ, ಮುಳ್ಳಿನ ತಲೆಯನ್ನು ಕಳಚಿ ಬೇರೆ ತಲೆ ಹಾಕಬಹುದು, ಫೋನೋ ಪ್ರಿಆ್ಯಂಪ್ ಒಳಗೇ ಇದೆ. ಪ್ಲ್ಯಾನರ್ 1ರ ತೋಳು ಸೊಗಸಾದದ್ದು, ಕೆಲಸಗಾರಿಕೆ ಅಚ್ಚುಕಟ್ಟು. ಆದರೆ 33ರಿಂದ 45ಕ್ಕೆ ಹೋಗಲು ತಟ್ಟೆ ಎತ್ತಿ ಬೆಲ್ಟನ್ನು ಕೈಯಿಂದ ಸರಿಸಬೇಕು, 78 ಇಲ್ಲವೇ ಇಲ್ಲ. ರಾಜ್‌ಕುಮಾರ್ ಚಿತ್ರಗಳ ಇಪಿಗಳನ್ನು ಒಂದರ ಹಿಂದೊಂದು ಹಾಕಿ ಕೇಳುವ ಮನೆಗೆ ಇದು ಹೊಂದುವುದಿಲ್ಲ, ಎಲ್‌ಪಿ ಮಾತ್ರ ಕೇಳುವವರಿಗೆ ಹೊಂದುತ್ತದೆ. ಡೆಬ್ಯೂ ಕಾರ್ಬನ್ ಇವೋದಲ್ಲಿ 33 ಮತ್ತು 45ಕ್ಕೆ ಗುಂಡಿ ಇದೆ, 78ಕ್ಕೆ ಬೇರೆ ಬೆಲ್ಟು ಏರಿಸಬೇಕು. ಅದರ ಕಾರ್ಬನ್ ನಾರಿನ ತೋಳು ಹಗುರ. ನೋಟಕ್ಕೂ ನಾದಕ್ಕೂ ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ. ಆದರೂ ಟ್ರಂಕಿನಲ್ಲಿ ಮೂರು ಬಗೆಯ ಪ್ಲೇಟುಗಳಿರುವ ಮನೆಗೆ ನಾನು ಸೂಚಿಸುವುದು ಮೊದಲನೆಯದನ್ನು. ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1500ಸಿ ಇವೆಲ್ಲಕ್ಕಿಂತ ಉತ್ತಮ, ತೊನೆತ ಕೇವಲ ಶೇ 0.025. ಬೆಲೆ ಮಾತ್ರ ಈ ಬರಹದ ಮಿತಿಯನ್ನು ದಾಟುತ್ತದೆ.

ಕರೆಂಟಿನ ಬಗ್ಗೆಯೂ ವಿಚಾರಿಸಿ. ಬೆಲ್ಟಿನ ಕೆಲವು ಯಂತ್ರಗಳಲ್ಲಿ, ಪ್ಲ್ಯಾನರ್ 1ರಲ್ಲೂ, ಇರುವುದು ಎಸಿ ಸಿಂಕ್ರೊನಸ್ ಮೋಟಾರು. ಅದು ಕರೆಂಟಿನ 50 ಹರ್ಟ್ಜ್ ತಾಳಕ್ಕೆ ತಿರುಗುತ್ತದೆ. ವೋಲ್ಟೇಜ್ ಇಳಿದರೂ ಅದರ ವೇಗ ಇಳಿಯದು. ಆದರೆ ಲೈಟು ಹೋಗಿ ಮನೆಯ ಇನ್ವರ್ಟರ್ ಓಡತೊಡಗಿದಾಗ, ಆ ಇನ್ವರ್ಟರ್ ಅಗ್ಗದ ಸ್ಕ್ವೇರ್ ವೇವ್ ಬಗೆಯದಾಗಿದ್ದರೆ, ಮೋಟಾರು ಗುಂಯ್‌ಗುಡುತ್ತದೆ, ಸ್ಪೀಕರಿನಲ್ಲೂ ಸದ್ದು ಬರುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ತೊಂದರೆ ಇಲ್ಲ.

ಇನ್ನು ಕಾರ್ಟ್ರಿಜ್. ವಜ್ರದ ಮುಳ್ಳು ಗೆರೆಯೊಳಗೆ ನಡುಗುತ್ತದೆ, ಅದರ ಹಿಂದಿನ ಸಣ್ಣ ಕಡ್ಡಿಯ ತುದಿಯಲ್ಲಿರುವ ಅಯಸ್ಕಾಂತವೂ ನಡುಗುತ್ತದೆ, ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಮೂವಿಂಗ್ ಮ್ಯಾಗ್ನೆಟ್, ಎಂಎಂ ಬಗೆ. ಹುಟ್ಟುವ ವಿದ್ಯುತ್ತು 3ರಿಂದ 5 ಮಿಲಿವೋಲ್ಟ್ ಮಾತ್ರ. ಸುರುಳಿಯೇ ನಡುಗುವ ಎಂಸಿ ಬಗೆಯಲ್ಲಿ ಅದರ ಹತ್ತರಲ್ಲೊಂದು ಪಾಲು. ಎಂಸಿಯ ಮುಳ್ಳು ಸವೆದರೆ ಸಾಮಾನ್ಯವಾಗಿ ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು, ಎಂಎಂನಲ್ಲಿ ಮುಳ್ಳನ್ನಷ್ಟೇ ಕಿತ್ತು ಹೊಸದು ಸಿಕ್ಕಿಸಬಹುದು. ದುರಸ್ತಿ ಮಾಡುವವರನ್ನು ಹುಡುಕಿಕೊಂಡು ಹೈದರಾಬಾದಿಗೋ ಮುಂಬೈಗೋ ರೈಲು ಹತ್ತಬೇಕಾದ ನಮಗೆ ಎಂಎಂ ಒಂದೇ ಬುದ್ಧಿವಂತ ಆಯ್ಕೆ.

ಈ ಪುಟ್ಟ ವಿದ್ಯುತ್ತನ್ನು ನೇರವಾಗಿ ಆ್ಯಂಪ್ಲಿಫೈಯರಿಗೆ ಕೊಟ್ಟರೆ ಸೊಳ್ಳೆಯಂಥ ತೆಳು ದನಿ ಬರುತ್ತದೆ. ಪ್ಲೇಟು ಕೊರೆಯುವಾಗ ಮಂದ್ರದ ಸ್ವರಗಳನ್ನು ತಗ್ಗಿಸಿ ತಾರದ ಸ್ವರಗಳನ್ನು ಹೆಚ್ಚಿಸಿರುತ್ತಾರೆ. ಇಲ್ಲದಿದ್ದರೆ ತಬಲಾದ ಬಾಯಾಂ ಪೆಟ್ಟಿಗೆ ಗೆರೆ ಪಕ್ಕದ ಗೆರೆಯೊಳಗೆ ನುಗ್ಗಿಬಿಡುತ್ತಿತ್ತು. 1954ರಿಂದ ಎಲ್ಲ ಕಂಪನಿಗಳೂ ಒಪ್ಪತೊಡಗಿದ ಆರ್‌ಐಎಎ ಎಂಬ ಒಂದೇ ಲೆಕ್ಕ ಇದಕ್ಕಿದೆ. ಕೇಳುವಾಗ ಅದನ್ನು ತಿರುವುಮುರುವು ಮಾಡಿ ಮೂಲಕ್ಕೆ ತರುವುದು ಫೋನೋ ಪ್ರಿಆ್ಯಂಪಿನ ಕೆಲಸ. ಹಳೆಯ ಆ್ಯಂಪ್ಲಿಫೈಯರಿನ ಹಿಂದೆ ಫೋನೋ ಎಂದು ಬರೆದ ತೂತುಗಳಿದ್ದರೆ ಒಳಗೇ ಅದು ಇರುತ್ತದೆ. ಹಾಗಿದ್ದಾಗ ಟರ್ನ್‌ಟೇಬಲ್ಲಿನೊಳಗಿನದನ್ನು ಆಫ್ ಮಾಡಿ, ಎರಡೂ ಒಟ್ಟಿಗೆ ಓಡಬಾರದು. ಟರ್ನ್‌ಟೇಬಲ್ಲಿನಿಂದ ಬರುವ ಒಂಟಿ ಅರ್ಥಿಂಗ್ ತಂತಿಯನ್ನು ಆ್ಯಂಪ್ಲಿಫೈಯರಿನ ತಿರುಪಿಗೆ ಕಟ್ಟಬೇಕು, ಗೋಡೆಯ ಪ್ಲಗ್ಗಿಗೆ ಅಲ್ಲ. ಕಲ್ಲು ನೆಲದಲ್ಲಿ ಮನೆಯ ಅರ್ಥಿಂಗ್ ಸುಲಭವಾಗಿ ನಿಲ್ಲುವುದಿಲ್ಲ ಎಂಬುದು ನಮ್ಮ ಎಲೆಕ್ಟ್ರಿಷಿಯನ್ನರಿಗೆ ಗೊತ್ತು. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಅದು ಸರಿಯಿಲ್ಲದ ಮನೆಯಲ್ಲಿ ಯಾವ ಕಾರ್ಟ್ರಿಜ್ ತಂದರೂ ಗುಂಯ್ ಎನ್ನುವ ಸದ್ದು ಬೆನ್ನುಬಿಡದು.

ಈಗ ಈ ಬರಹದ ಮುಖ್ಯ ಭಾಗಕ್ಕೆ ಬಂದೆ. ಮುಳ್ಳಿನ ತುದಿಯ ಆಕಾರ.

ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ಕೊನೆಯ ಗೆರೆಗಳಿಗೆ ಬರುವಷ್ಟರಲ್ಲಿ ಅದು 21 ಸೆಂಟಿಮೀಟರಿಗೆ ಇಳಿದಿರುತ್ತದೆ. ತಟ್ಟೆಯ ಸುತ್ತು ಅಷ್ಟೇ ಇದ್ದರೂ ಒಳಗಿನ ವೃತ್ತ ಸಣ್ಣದಲ್ಲವೇ? 10 ಸಾವಿರ ಹರ್ಟ್ಜಿನ ಸಣ್ಣ ದನಿಯೊಂದು ಹೊರಗೆ 51 ಮೈಕ್ರಾನ್ ಉದ್ದದ ಅಲೆಯಾಗಿ ಕೊರೆದಿದ್ದರೆ ಒಳಗೆ 21 ಮೈಕ್ರಾನಿನಲ್ಲಿ ಮುದುಡಿ ಕೂತಿರುತ್ತದೆ. ಅಗ್ಗದ ಕಾರ್ಟ್ರಿಜ್ಜುಗಳ ದುಂಡು ಮುಳ್ಳಿನ ತುದಿಯ ತ್ರಿಜ್ಯ 15ರಿಂದ 18 ಮೈಕ್ರಾನ್. ಅಷ್ಟು ದಪ್ಪ ತುದಿ ಆ ಮಡಿಕೆಯೊಳಗೆ ಇಳಿಯಲಾರದು, ಮೇಲಿಂದ ಮೇಲೆ ಜಾರಿ ಹೋಗುತ್ತದೆ, ಬರಬೇಕಾದ ದನಿಯ ಬದಲು ಕರಕರ ಬರುತ್ತದೆ. ಎಲಿಪ್ಟಿಕಲ್ ಮುಳ್ಳಿನ ಪಕ್ಕದ ತ್ರಿಜ್ಯ 7, 8 ಮೈಕ್ರಾನ್. ಮೈಕ್ರೋಲೈನ್ ಮುಳ್ಳಿನದು 3 ಮೈಕ್ರಾನಿನ ಆಸುಪಾಸು.

ಹಿಂದುಸ್ತಾನಿ ಎಲ್‌ಪಿಯೊಂದರ ಮಗ್ಗುಲು ಹೇಗೆ ಸಾಗುತ್ತದೆ ಎಂದು ನೆನೆಸಿಕೊಳ್ಳಿ. ಹೊರ ಅಂಚಿನಲ್ಲಿ, ಜಾಗ ಧಾರಾಳವಾಗಿರುವಲ್ಲಿ, ವಿಲಂಬಿತದ ನಿಧಾನ ಆಲಾಪ. ಅದನ್ನು ದುಂಡು ಮುಳ್ಳೂ ಚೆನ್ನಾಗಿಯೇ ಓದುತ್ತದೆ. ರಾಗ ಬೆಳೆದು, ದ್ರುತ್ ಬಂದು, ತಾನುಗಳು ಸುರಿದು, ತಾರ ಷಡ್ಜಕ್ಕೆ ಕಂಠ ಏರಿ, ಹಾರ್ಮೋನಿಯಂ, ತಬಲಾ ಎಲ್ಲವೂ ತುದಿ ಮುಟ್ಟುವುದು ಪ್ಲೇಟಿನ ಕೊನೆಯ, ಅತಿ ಇಕ್ಕಟ್ಟಿನ ಗೆರೆಗಳಲ್ಲಿ. ಸಂಗೀತ ಅತ್ಯಂತ ದಟ್ಟವಾಗುವ ಜಾಗದಲ್ಲೇ ಪ್ಲೇಟಿನ ಶಕ್ತಿ ಅತ್ಯಂತ ಕಡಿಮೆ. ಪಾಶ್ಚಾತ್ಯ ಹಾಡಿನ ಪ್ಲೇಟಿನಲ್ಲಿ ಕೊನೆಗೆ ಒಂದು ಶಾಂತ ಹಾಡನ್ನು ಇಟ್ಟು ಪಾರಾಗಬಹುದು. ಖಯಾಲಿನ ಕ್ರಮವನ್ನು ಹಾಗೆ ಹಿಂದುಮುಂದು ಮಾಡಲಾಗದು. ಅದಕ್ಕೇ ಮುಳ್ಳಿನ ಆಕಾರ ನಮಗೆ ಎಲ್ಲರಿಗಿಂತ ಹೆಚ್ಚು ಮುಖ್ಯ ಎನ್ನುತ್ತೇನೆ.

ವಚನ ಗಾಯನದಲ್ಲಿ ಇನ್ನೊಂದು ಕಾರಣವಿದೆ. ನಮ್ಮ ವಚನಗಳಲ್ಲಿ ಶ, ಸ, ಷ ಹೆಜ್ಜೆಹೆಜ್ಜೆಗೂ ಬರುತ್ತವೆ, ಶರಣರು ಕೂಗಿ ಕರೆಯುವ ಹೆಸರುಗಳೇ ಅಂಥವು. ಈ ಊಷ್ಮ ಧ್ವನಿಗಳ ಶಕ್ತಿ ಬಹುಪಾಲು ಮೇಲಿನ ಆವರ್ತನಗಳಲ್ಲೇ ಇರುತ್ತದೆ. ದುಂಡು ಮುಳ್ಳಿನಲ್ಲಿ ದನಿ ಮೊದಲು ಹರಿಯುವುದು ಅಲ್ಲಿಯೇ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡುವಾಗ ಒಂದೊಂದು ಅಕ್ಷರಕ್ಕೂ ಕೊಡುವ ಗೌರವ ಕೇಳಿದವರಿಗೆ ಗೊತ್ತು. ಅವರ ಶಕಾರ ನಮ್ಮ ಮನೆಯಲ್ಲಿ ಬಟ್ಟೆ ಹರಿದ ಸದ್ದಾಗಿ ಬರಬಾರದು.

ಹಾಗಾದರೆ ಯಾವುದನ್ನು ಕೊಳ್ಳುವುದು? ಆಡಿಯೋ-ಟೆಕ್ನಿಕಾದ ವಿಎಂ95 ಸಾಲು ನನ್ನ ಉತ್ತರ. ಒಂದೇ ದೇಹ, ಅದಕ್ಕೆ ಸಿಕ್ಕಿಸುವ ಮುಳ್ಳುಗಳು ಹಲವು. ದುಂಡಗಿನದು, ಎಲಿಪ್ಟಿಕಲ್, ಮೈಕ್ರೋಲೈನ್, ಶಿಬಾಟಾ, 78ಕ್ಕೆ ಬೇರೆ. ಎಲ್‌ಪಿ120ಎಕ್ಸ್ ಜೊತೆ ಬರುವುದು ಎಲಿಪ್ಟಿಕಲ್ ಮುಳ್ಳಿನ ವಿಎಂ95ಇ. ಆರು ತಿಂಗಳು ಅದರಲ್ಲೇ ಕೇಳಿ, ಕೈ ಪಳಗಲಿ. ಆಮೇಲೆ ಮುಳ್ಳು ಮಾತ್ರ ಎಳೆದು ಮೈಕ್ರೋಲೈನಿನದನ್ನು ಸಿಕ್ಕಿಸಿ. ಕಂಪನಿ ಹೇಳುವ ಪ್ರಕಾರ ಎಲಿಪ್ಟಿಕಲ್ ಮುಳ್ಳಿನ ಆಯುಷ್ಯ 300 ಗಂಟೆ, ಮೈಕ್ರೋಲೈನಿನದು 1000 ಗಂಟೆ. ಬೆಲೆ ಸುಮಾರು ಮೂರು ಪಟ್ಟು, ಬಾಳಿಕೆಯೂ ಮೂರು ಪಟ್ಟಿಗಿಂತ ಹೆಚ್ಚು, ಆದ್ದರಿಂದ ಗಂಟೆಯ ಲೆಕ್ಕದಲ್ಲಿ ಇದು ದುಬಾರಿಯೇ ಅಲ್ಲ. ಒಂದು ಮಗ್ಗುಲಿನ ಗೆರೆ ಬಿಡಿಸಿದರೆ ಅರ್ಧ ಕಿಲೋಮೀಟರಿನಷ್ಟು ಉದ್ದ. 1000 ಗಂಟೆಯಲ್ಲಿ ಆ ವಜ್ರದ ಚೂರು ನಡೆಯುವ ಹಾದಿ ಸುಮಾರು 1300 ಕಿಲೋಮೀಟರ್, ವಾಡಿಯಿಂದ ರೈಲಿನಲ್ಲಿ ಮುಂಬೈಗೆ ಹೋಗಿ ಮರಳಿ ಬಂದಷ್ಟು. ಡೆನ್ಮಾರ್ಕಿನ ಆರ್ಟೋಫೋನ್ ಕಂಪನಿಯ 2ಎಂ ರೆಡ್ ಡೆಬ್ಯೂ ಜೊತೆ ಬರುತ್ತಿತ್ತು. ಅದರ ಮುಳ್ಳು ತೆಗೆದು 2ಎಂ ಬ್ಲೂ ಮುಳ್ಳು ಹಾಕಿದರೆ ಶಕಾರಗಳು ತಿಳಿಯಾಗುತ್ತವೆ. ಜಪಾನಿನ ನಾಗಾವೋಕಾ ಎಂಪಿ-110 ಕೂಡ ಮಾನವ ಕಂಠಕ್ಕೆ ಹೇಳಿ ಮಾಡಿಸಿದಂಥದ್ದು. ಪ್ಲ್ಯಾನರ್ 1ರ ಜೊತೆ ಬರುವ ರೇಗಾ ಕಾರ್ಬನ್ ದುಂಡು ಮುಳ್ಳಿನದು. ಆ ಯಂತ್ರ ಕೊಳ್ಳುವವರು ಬೇರೆ ಕಾರ್ಟ್ರಿಜ್ಜಿನ ದುಡ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಲಿ. ತೋಳಿನ ತೂಕಕ್ಕೂ ಕಾರ್ಟ್ರಿಜ್ಜಿನ ಮೃದುತ್ವಕ್ಕೂ ಹೊಂದಾಣಿಕೆ ಇರಬೇಕೆಂಬ ಲೆಕ್ಕವೊಂದಿದೆ, ಇಲ್ಲಿ ಹೆಸರಿಸಿದ ಜೋಡಿಗಳಲ್ಲಿ ಅದರ ಚಿಂತೆ ಬೇಡ.

ಒಳ್ಳೆಯ ಮುಳ್ಳನ್ನು ಅಂದಾಜಿನಲ್ಲಿ ಕೂಡಿಸಿದರೆ ಅದು ಕೆಟ್ಟ ಮುಳ್ಳೇ ಆಗುತ್ತದೆ. ವಿಎಂ95 ಮುಳ್ಳಿಗೆ 2 ಗ್ರಾಂ, 2ಎಂ ರೆಡ್‌ಗೆ 1.8 ಗ್ರಾಂ ಭಾರ ಕೊಡಬೇಕು. ಹಗುರ ಇದ್ದಷ್ಟು ಒಳ್ಳೆಯದು ಎಂಬ ನಂಬಿಕೆ ತಪ್ಪು. ಭಾರ ಸಾಲದ ಮುಳ್ಳು ಗೆರೆಯ ಗೋಡೆಯಿಂದ ಗೋಡೆಗೆ ಜಿಗಿದು ಕಚ್ಚುತ್ತದೆ, ಆ ಗಾಯ ಪ್ಲೇಟಿನಲ್ಲಿ ಶಾಶ್ವತ. ಅಳೆಯಲು ಮುಳ್ಳಿನ ತಕ್ಕಡಿಯೆಂದೇ ಸಿಗುವ ಪುಟ್ಟ ಡಿಜಿಟಲ್ ತಕ್ಕಡಿ ತರಿಸಿ. ಸರಾಫರ ಅಂಗಡಿಯ ತಕ್ಕಡಿಯೂ ಅಷ್ಟೇ ನಿಖರ. ಆದರೆ ಅದರ ತಟ್ಟೆ ಕಬ್ಬಿಣದ್ದಾಗಿದ್ದರೆ ಕಾರ್ಟ್ರಿಜ್ಜಿನ ಅಯಸ್ಕಾಂತ ಅದನ್ನು ಸೆಳೆದು ಲೆಕ್ಕ ಕೆಡುತ್ತದೆ. ಮುಳ್ಳು ಗೆರೆಗೆ ನೇರವಾಗಿ ನಿಂತಿದೆಯೇ ಎಂದು ನೋಡಲು ಕಾಗದದ ಪ್ರೊಟ್ರ್ಯಾಕ್ಟರ್ ಸಾಕು. ಕೇಂದ್ರದಿಂದ 66 ಮತ್ತು 121 ಮಿಲಿಮೀಟರಿನ ಎರಡು ಬಿಂದುಗಳಲ್ಲಿ ಕಾರ್ಟ್ರಿಜ್ ಗೀಟಿಗೆ ಸರಿಯಾಗಿ ಕೂರಬೇಕು. ಮೈಕ್ರೋಲೈನ್ ಮುಳ್ಳು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು, ಒಂದು ಸಂಜೆಯನ್ನು ಅದಕ್ಕೇ ಮೀಸಲಿಡಿ.

ಪೀಠದ ವಿಷಯದಲ್ಲಿ ನಮ್ಮಷ್ಟು ಪುಣ್ಯವಂತರು ಯಾರೂ ಇಲ್ಲ. ಮರದ ಹಲಗೆಯ ನೆಲದ ಮನೆಗಳಲ್ಲಿ ಯಾರಾದರೂ ನಡೆದರೆ ಮುಳ್ಳು ಹಾರುತ್ತದೆ. ಅದಕ್ಕೇ ಅಲ್ಲಿಯವರು ಗೋಡೆಗೆ ಶೆಲ್ಫ್ ಹೊಡೆಯಿರಿ ಎನ್ನುತ್ತಾರೆ. ನಮ್ಮ ನೆಲ ಮಣ್ಣಿನ ಮೇಲೆ ಹಾಸಿದ ಪರ್ಸಿ ಕಲ್ಲು, ಮಕ್ಕಳು ಕುಣಿದರೂ ಅಲುಗದು. ಆ ಕಲ್ಲೇ ಯಂತ್ರದ ಕೆಳಗೂ ಇರಲಿ. ಪರ್ಸಿ ಎಂದು ನಾವು ಕರೆಯುವ ಈ ಶಹಾಬಾದ್ ಕಲ್ಲು ಪದರಪದರವಾಗಿ ಕೂತ ಸುಣ್ಣದ ಕಲ್ಲು. ಗಣಿಯಲ್ಲಿ ಪದರಕ್ಕೆ ಉಳಿ ಕೊಟ್ಟರೆ ತಾನೇ ಸಪಾಟಾಗಿ ಬಿಡಿಸಿಕೊಳ್ಳುತ್ತದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, 4 ಸೆಂಟಿಮೀಟರ್ ದಪ್ಪದ ಚಪ್ಪಡಿ ಸುಮಾರು 28 ಕಿಲೋ ತೂಗುತ್ತದೆ. ಟರ್ನ್‌ಟೇಬಲ್ಲಿನ ತೂಕ 4ರಿಂದ 10 ಕಿಲೋ. ಅಷ್ಟು ಭಾರದ ಕಲ್ಲನ್ನು ಅಲುಗಿಸಲು ಹತ್ತಿರದ ಹಳಿಯ ಮೇಲೆ ಸಾಗುವ ಗೂಡ್ಸ್ ಗಾಡಿಗೂ ಕಷ್ಟ. ಗೌಂಡಿಗೆ ಹೇಳಿ ಅಂಚು ಕಡಿಸಿಕೊಳ್ಳಿ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಖಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಒಳಗೆ ಬಿರುಕಿದೆ. ಹಾಗೆ ಖಣ್ ಎನ್ನುವ ಗುಣವೇ ನಮಗೆ ಬೇಡದ್ದು ಕೂಡ. ಕಲ್ಲು ತಾನೇ ದನಿ ಕೊಡಬಾರದು. ಅದಕ್ಕೆ ಕಲ್ಲಿನ ನಾಲ್ಕು ಮೂಲೆಗೆ ಮೆತ್ತನೆಯ ದಪ್ಪ ರಬ್ಬರ್ ತುಂಡುಗಳನ್ನು ಕೊಟ್ಟು, ಕಲ್ಲಿಗೂ ಯಂತ್ರಕ್ಕೂ ನಡುವೆ ಕಾರ್ಕ್ ಹಾಳೆ ಹಾಸಬೇಕು. ಆಮೇಲೆ ಗೌಂಡಿಯ ರಸಮಟ್ಟವನ್ನೇ ಇಟ್ಟು ಎರಡೂ ದಿಕ್ಕಿಗೆ ಮಟ್ಟ ನೋಡಿ. ಸ್ಪೀಕರುಗಳನ್ನು ಮಾತ್ರ ಇದೇ ಕಲ್ಲಿನ ಮೇಲೆ ಇಡಬೇಡಿ. ಅವುಗಳ ನಡುಕ ಮುಳ್ಳಿಗೆ ಮರಳಿ, ಮಂದ್ರ ಸ್ವರ ಗುಡುಗತೊಡಗುತ್ತದೆ. ಕಲ್ಲು ಗೋಡೆಯ ಕೋಣೆಯಲ್ಲಿ ಮಾರ್ದನಿ ಹೆಚ್ಚು. ನೆಲಕ್ಕೊಂದು ಜಮಖಾನ, ಸ್ಪೀಕರಿನ ಎದುರು ಗೋಡೆಗೆ ಅವ್ವನ ಕೈಯ ಕೌದಿ ಇಳಿಬಿಟ್ಟರೆ ಕೋಣೆ ಹದಕ್ಕೆ ಬರುತ್ತದೆ.

ದೂಳಿನ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಸಿಮೆಂಟಿನ ದೂಳು ಪಸೆ ತಾಗಿದರೆ ಹಿಡಿದುಕೊಳ್ಳುವ ಜಾತಿಯದು. ಒದ್ದೆ ಬಟ್ಟೆಯಿಂದ ಪ್ಲೇಟು ಒರೆಸುವ ರೂಢಿಯನ್ನು ಬಿಟ್ಟುಬಿಡಿ. ಮೊದಲು ಒಣ ಕಾರ್ಬನ್ ಬ್ರಷ್ಷನ್ನು ತಿರುಗುವ ಪ್ಲೇಟಿನ ಮೇಲೆ ಹಿಡಿದು ದೂಳು ತೆಗೆಯಬೇಕು. ಮುಳ್ಳನ್ನು ಸಣ್ಣ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಬೇಕು. ತೊಳೆಯುವುದಾದರೆ ಕೊಳವೆಬಾವಿಯ ನೀರು ಬೇಡವೇ ಬೇಡ, ಆರಿದ ಮೇಲೆ ಅದರ ಸುಣ್ಣ ಗೆರೆಯಲ್ಲಿ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಯಂತ್ರದ ಮೇಲಿನ ಪಾರದರ್ಶಕ ಮುಚ್ಚಳವನ್ನು ಕೆಲವರು ನಾದ ಕೆಡುತ್ತದೆಂದು ಕಳಚಿಡುತ್ತಾರೆ. ವಾಡಿಯಲ್ಲೋ ಸೇಡಂನಲ್ಲೋ ಇರುವವರು ಹಾಗೆ ಮಾಡಬಾರದು. ಬೇಸಿಗೆಯಲ್ಲಿ ಪ್ಲೇಟುಗಳು ನೆಟ್ಟಗೆ ನಿಂತಿರಲಿ, ಒಂದರ ಮೇಲೊಂದು ಮಲಗಿಸಬೇಡಿ. ತಗಡಿನ ಸೂರಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಡೊಂಕಾಗುತ್ತವೆ.

ಅಜ್ಜನ 78ರ ಪ್ಲೇಟುಗಳಿಗೆ ಬೇರೆಯೇ ಉಪಚಾರ. ಅವು ಅರಗಿನವು. ಅರಗಿಗೆ ಸ್ಲೇಟು ಅಥವಾ ಸುಣ್ಣದ ಕಲ್ಲಿನ ಪುಡಿ ಬೆರೆಸಿ ಅಚ್ಚು ಹಾಕಿದವು. ಸ್ಪಿರಿಟ್, ಆಲ್ಕೊಹಾಲ್ ತಾಗಿದರೆ ಅರಗು ಕರಗಿಹೋಗುತ್ತದೆ, ಎಲ್‌ಪಿ ತೊಳೆಯುವ ಔಷಧ ಇವಕ್ಕೆ ಹಾಕಬಾರದು. ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಮುಳ್ಳು ಅದರ ತಳದ ಕಸದಲ್ಲಿ ಹೊರಳಾಡುತ್ತದೆ, ಗೋಡೆಗಳನ್ನು ಮುಟ್ಟುವುದೇ ಇಲ್ಲ. ವಿಎಂ95ಎಸ್‌ಪಿ ಎಂಬ 78ರ ಮುಳ್ಳನ್ನು ಬೇರೊಂದು ತಲೆಗೆ ಕೂಡಿಸಿ ಇಟ್ಟುಕೊಂಡರೆ ಬೇಕೆಂದಾಗ ತಲೆ ಬದಲಿಸಬಹುದು. ಅದಕ್ಕೆ ಎಲ್‌ಪಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ ಬೇಕು, ಪ್ರತಿಸಲ ತಕ್ಕಡಿ ನೋಡಿ. ಆ್ಯಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ. ಹಳೆಯ ಪ್ಲೇಟಿನ ಸಂಗೀತ ಗೆರೆಯ ಅಡ್ಡ ಓಲಾಟದಲ್ಲಿ ಮಾತ್ರ ಇರುವುದರಿಂದ, ಮೇಲೆ ಕೆಳಗೆ ಕುಣಿದು ಬರುವ ಕರಕರದ ದೊಡ್ಡ ಪಾಲು ಆಗ ಅಳಿದುಹೋಗುತ್ತದೆ. 78 ಎಂದು ಹೇಳಿದರೂ ಮೊದಲ ದಶಕಗಳ ಪ್ಲೇಟುಗಳನ್ನು 74ರಿಂದ 82ರವರೆಗೆ ಯಾವುದೋ ಒಂದು ವೇಗದಲ್ಲಿ ಕೊರೆದಿರುತ್ತಿದ್ದರು. ವೇಗದ ಜಾರುಗುಂಡಿ ಬೇಕಾಗುವುದು ಇಲ್ಲಿಯೇ. ಪ್ಲೇಟಿನಲ್ಲಿ ಹಾರ್ಮೋನಿಯಂ ಸಾಥಿ ಇದ್ದರೆ, ಮನೆಯ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಕರಿ ಎರಡೋ ಕರಿ ನಾಲ್ಕೋ ಷಡ್ಜ ಹಿಡಿದು, ಎರಡೂ ಒಂದಾಗುವವರೆಗೆ ಗುಂಡಿ ಸರಿಸಿ. ಕಂಠದ ಸಹಜತೆಯೂ ನಿಮಗೆ ಸುಳಿವು ಕೊಡುತ್ತದೆ. ಒಪ್ಪಿದ ವೇಗವನ್ನು ಪ್ಲೇಟಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.